ಐದು ಹೊಡೆತ ಹಿಂದಕ್ಕೆ

ಹೆಂಡತಿ ಸತ್ತ ಹದಿನೈದನೇ ದಿನ ಅಶ್ವತ್ಥನಾರಾಯಣ ಆಫೀಸಿಗೆ ಬಂದರು. ಟೈಪ್‌ರೈಟರಿನ ಹೊದಿಕೆ ತೆಗೆದು, ಅದನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿನಲ್ಲಿಟ್ಟು, "ಮೇಡಂ, ಬಾಕಿ ಕಾರ್ಡು ಎಷ್ಟಿದೆ?" ಎಂದು ಕೇಳಿದರು. ನೂರಾ ನಲವತ್ತು ಎಂದೆ. ಸರಿ ಎಂದು ಕೂತರು. ಬೇರೆ ಯಾರಾದರೂ ಆಗಿದ್ದರೆ ಎರಡು ಸಮಾಧಾನದ ಮಾತು ಹೇಳುತ್ತಿದ್ದೆ. ಅವರಿಗೆ ಹೇಳಲು ಬಾಯೇ ಬರಲಿಲ್ಲ. ನಿಜ ಹೇಳಬೇಕೆಂದರೆ, ಬಾಕಿ ಬಿದ್ದ ಕೆಲಸ ನೆನೆದು ಅವರು ಬಂದದ್ದು ನನಗೆ ನಿರಾಳವೇ ಆಯಿತು. ನಾನು ಅಂಥವಳೇ.

ನಮ್ಮದು ಕಲ್ಕತ್ತೆಯಲ್ಲಿರುವ ಕೇಂದ್ರ ಸರ್ಕಾರದ ಕಚೇರಿ. ದೇಶದ ಭಾಷೆಗಳಲ್ಲಿ ಅಚ್ಚಾದ ಪುಸ್ತಕಗಳಿಗೆ ಒಂದೊಂದು ಕಾರ್ಡು ಬರೆದು ಪಟ್ಟಿ ಮಾಡುವುದು ಕೆಲಸ. ಕನ್ನಡಕ್ಕೆ ಇದ್ದವರು ನಾವಿಬ್ಬರೇ. ನಾನು, ಅಂದರೆ ವಸುಂಧರಾ, ಕಾರ್ಡು ಬರೆಯುವವಳು. ಅವರು ಅದನ್ನು ಟೈಪ್ ಮಾಡುವವರು. ಎರಡು ಸಾವಿರದ ಏಳನೇ ಇಸವಿ ಅದು. ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ನಮಗೂ ಒಂದು ಕಂಪ್ಯೂಟರ್ ಕೊಟ್ಟಿದ್ದರು. ಅದರಲ್ಲಿ ಕನ್ನಡದ ಒತ್ತಕ್ಷರಗಳೆಲ್ಲ ಬರೀ ಚೌಕಗಳಾಗಿ ಕಾಣುತ್ತಿದ್ದುದರಿಂದ ಅದರ ಪೆಟ್ಟಿಗೆಯ ಮೇಲೆ ಚಹಾದ ಲೋಟ ಇಡುತ್ತಿದ್ದೆವು.

ಮೂವತ್ತು ವರ್ಷದಲ್ಲಿ ಆ ಮನುಷ್ಯ ಕಾರ್ಬನ್ ಇಡದೆ ಒಂದು ಕಾಗದ ಹೊಡೆದದ್ದನ್ನು ನಾನು ನೋಡಿಲ್ಲ. ರಜಾ ಚೀಟಿಗೂ ಕಾರ್ಬನ್. ಇನ್ನೊಂದು ಅಭ್ಯಾಸ, ಹೊಡೆಯುವುದನ್ನೆಲ್ಲ ಬಾಯಲ್ಲಿ ಹೇಳುತ್ತಲೇ ಹೊಡೆಯುವುದು. ನಾನು ಕಾರ್ಡು ಓದುವುದು, ಅವರು ತಾಳೆ ನೋಡುವುದು, ಹೀಗೆ ದಿನಕ್ಕೆ ಐವತ್ತು ಕಾರ್ಡು ಆಗಬೇಕು. ಆ ರೂಢಿ ನಾಲಿಗೆಗೆ ಹತ್ತಿಬಿಟ್ಟಿತ್ತು. ಹೊಸಬರು ಬಂದರೆ "ದಾದಾ ಜಪ ಮಾಡ್ತಾರಾ?" ಎಂದು ನನ್ನನ್ನು ಕೇಳುತ್ತಿದ್ದರು. ಕಾರ್ಡಿನಲ್ಲಿ ಹೆಸರಿನ ಕೆಳಗೆ ಗೆರೆ ಬರಬೇಕೆಂಬುದು ನಮ್ಮಲ್ಲಿ ನಿಯಮ. ಟೈಪ್‌ರೈಟರಿನಲ್ಲಿ ಗೆರೆ ಎಳೆಯುವುದೆಂದರೆ ಹೆಸರು ಹೊಡೆದು, ಅದಕ್ಕೆ ಎಷ್ಟು ಹೊಡೆತವೋ ಅಷ್ಟು ಸಲ ಬ್ಯಾಕ್‌ಸ್ಪೇಸ್ ಒತ್ತಿ ಹಿಂದಕ್ಕೆ ಬಂದು, ಆಮೇಲೆ ಗೆರೆಯ ಕೀಲಿ ಒತ್ತುವುದು. ಅಕ್ಷರ ಅಳಿಸುವುದಿಲ್ಲ, ಕಾಗದ ಸರಿಯುತ್ತದೆ ಅಷ್ಟೆ. ಅವರ ಕಿರುಬೆರಳು ಇದನ್ನು ಅವರನ್ನು ಕೇಳದೆಯೇ ಮಾಡುತ್ತಿತ್ತು.

ಜಾನಕಿ, ಅವರ ಹೆಂಡತಿ, ಮೈಸೂರಿನವರು. ಟಿ.ಸಿ.ಎಚ್. ಮುಗಿಸಿ, ಮದುವೆಗೆ ಮೊದಲು ಎರಡು ವರ್ಷ ಒಂಟಿಕೊಪ್ಪಲಿನ ಶಾಲೆಯೊಂದರಲ್ಲಿ ಒಂದನೇ ತರಗತಿಗೆ ಅಕ್ಷರ ಕಲಿಸಿದ್ದರು. ಕಲ್ಕತ್ತೆಗೆ ಬಂದ ಮೇಲೆ ಯಾರಿಗೆ ಕಲಿಸುವುದು? ಕಸ್ಬಾದ ಕ್ವಾರ್ಟರ್ಸಿನಲ್ಲಿ ಕೆಳಗಿನ ಮನೆ ಬಂಗಾಳಿಗಳದು, ಮೇಲಿನದು ಬಿಹಾರಿಗಳದು. ಮಗಳು ಶ್ರಾವ್ಯಾಗೆ ಐದು ತುಂಬಿದಾಗ ಸ್ಲೇಟು ಹಿಡಿಸಿದರು. ಮೂರು ಸಂಜೆ ನಡೆಯಿತು. ನಾಲ್ಕನೇ ಸಂಜೆ, ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಬಂಗಾಳಿ ಮೂರೂ ಬರೆದು ಬೇಸತ್ತ ಹುಡುಗಿ ಸ್ಲೇಟನ್ನು ಮಂಚದ ಕೆಳಗೆ ತಳ್ಳಿದಳು. ಜಾನಕಿ ಬೈಯಲಿಲ್ಲವಂತೆ. ಸ್ಲೇಟು ಒರೆಸಿ ಅಟ್ಟದ ಮೇಲಿಟ್ಟರಂತೆ. ಹಾಗಾಗಿ ಕನ್ನಡದ ಟೀಚರ ಮಗಳಿಗೆ ಕನ್ನಡ ಕೇಳಿದರೆ ಪೂರ್ತಿ ಅರ್ಥವಾಗುತ್ತದೆ, ಆಡಲು ಹೋದರೆ ತೊಡರುತ್ತದೆ, ಓದಲು ಒಂದಕ್ಷರ ಬಾರದು.

ಅದೇ ವರ್ಷ, ಎಂಬತ್ತೆಂಟರಲ್ಲಿ, ಮೈಸೂರಿನಲ್ಲಿದ್ದ ನಮ್ಮ ಇಲಾಖೆಯ ಇನ್ನೊಂದು ಕಚೇರಿಯಲ್ಲಿ ಕನ್ನಡ ಟೈಪಿಸ್ಟರ ಜಾಗ ಖಾಲಿಯಾಯಿತು. ಜಾನಕಿಯ ಹಳೆಯ ಶಾಲೆಯವರೂ, ಬಂದರೆ ಕೆಲಸ ಕೊಡುತ್ತೇವೆ ಎಂದಿದ್ದರು. ಅಶ್ವತ್ಥನಾರಾಯಣ ವರ್ಗಾವಣೆ ಅರ್ಜಿ ಟೈಪ್ ಮಾಡಿ, ಕಾರ್ಬನ್ ಪ್ರತಿಯನ್ನು ಮನೆಗೆ ಒಯ್ದು ಹೆಂಡತಿಯ ಕೈಗೆ ಕೊಟ್ಟರು. ಅಸಲು ಪ್ರತಿ ಸಲ್ಲಿಸಿದ್ದೇನೆ, ಇನ್ನು ದೆಹಲಿಯಿಂದ ಬರಬೇಕು ಎಂದರು. ಆಮೇಲೆ ಜಾನಕಿ ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ, "ದೆಹಲಿಯಲ್ಲಿದೆ."

ಮೂರು ವರ್ಷ ಕಳೆದ ಮೇಲೆ ಕನ್ನಡ ಸಂಘದ ಯುಗಾದಿ ಊಟದಲ್ಲಿ ಜಾನಕಿ ನನ್ನ ಪಕ್ಕದ ಎಲೆಗೆ ಬಂದು ಕೂತರು. "ವಸುಂಧರಾ ಅವರೇ, ಆಫೀಸಿನಲ್ಲಿ ಸ್ವಲ್ಪ ವಿಚಾರಿಸ್ತೀರಾ? ಅರ್ಜಿ ಎಲ್ಲಿ ನಿಂತಿದೆ ಅಂತ?" ಎಂದರು. ಮಾರನೇ ದಿನ ನಾನು ರವಾನೆ ಪುಸ್ತಕ ತರಿಸಿ ಎಂಬತ್ತೆಂಟರ ಪುಟಗಳನ್ನು ಎರಡು ಸಲ ತಿರುವಿದೆ. ಆ ಹೆಸರಿನ ಅರ್ಜಿ ಹೊರಗೇ ಹೋಗಿರಲಿಲ್ಲ. ಯಾಕೆಂದು ಊಹಿಸುವುದೇನೂ ಕಷ್ಟವಲ್ಲ. ವರ್ಗ ಕೇಳಿಕೊಂಡು ಹೋದರೆ ಸೇವಾ ಹಿರಿತನ ಹೋಗುತ್ತದೆ, ಕೈಗೆ ಬರಲಿದ್ದ ಬಡ್ತಿ ತಪ್ಪುತ್ತದೆ. ಮುಂದಿನ ಸಲ ಜಾನಕಿ ಸಿಕ್ಕಾಗ ನಾನು "ದೆಹಲಿಯಲ್ಲಿದೆಯಂತೆ ಕಣ್ರೀ" ಎಂದೆ. ಅವರ ಸಂಸಾರ ಒಡೆಯಬಾರದು ಎಂದು ಹಾಗೆ ಹೇಳಿದೆ ಅಂತ ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅಶ್ವತ್ಥನಾರಾಯಣ ಹೋಗಿಬಿಟ್ಟರೆ ನನ್ನ ಕಾರ್ಡು ಹೊಡೆಯುವವರು ಯಾರು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ನನಗೆ ಗೊತ್ತಿದೆ ಎಂದು ಅವರಿಗೂ ಹೇಳಲಿಲ್ಲ. ಕೆಲವು ವರ್ಷವಾದ ಮೇಲೆ ಜಾನಕಿ ಕೇಳುವುದನ್ನು ಬಿಟ್ಟರು.

ಎರಡು ಸಾವಿರದ ಏಳರ ಫೆಬ್ರವರಿಯಲ್ಲಿ ಮೂತ್ರಪಿಂಡ ಕೈಕೊಟ್ಟು, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು, ಹೋದರು.

ಶ್ರಾವ್ಯಾ ಆಗ ಸೆಕ್ಟರ್ ಫೈವಿನ ಕಂಪನಿಯೊಂದರಲ್ಲಿ ಟೆಸ್ಟರ್. ಬೇರೆಯವರು ತಯಾರಿಸಿದ್ದನ್ನು ಎಲ್ಲೆಲ್ಲಿ ಒತ್ತಿದರೆ ಕೆಟ್ಟುಹೋಗುತ್ತದೆ ಎಂದು ನೋಡುವುದಕ್ಕೆ ಅವಳಿಗೆ ಸಂಬಳ. ಕನ್ನಡ ಸಂಘದ ವೆಬ್‌ಸೈಟನ್ನೂ ಅವಳೇ ಮಾಡಿಕೊಟ್ಟಿದ್ದಳು. ತೀರಿಕೊಂಡವರ ಬಗ್ಗೆ ಬರೆಯಲು ಅದರಲ್ಲಿ 'ನೆನಪಿನ ಪುಟ' ಎಂದೊಂದು ಇತ್ತು. ಯಾರು ಏನೇ ಬರೆದು ಸಲ್ಲಿಸಿದರೂ ಮೇಲ್ವಿಚಾರಕಿಯಾದ ನಾನು ನೋಡಿ ಒಪ್ಪಿದ ಮೇಲೇ ಅದು ಪುಟದಲ್ಲಿ ಕಾಣುತ್ತಿತ್ತು. ಮಾರ್ಚಿನಲ್ಲಿ ಅವಳು ನನ್ನಲ್ಲಿಗೆ ಬಂದಳು.

"ಆಂಟಿ, ಅಮ್ಮ ಬಗ್ಗೆ ಅಪ್ಪ ಬರೀಬೇಕು. ಕನ್ನಡದಲ್ಲಿ. ನಾನು ಅದನ್ನ ಇಟ್ಕೊಂಡು ಓದೋಕೆ ಕಲೀತೀನಿ."

"ನೀನೇ ಕೇಳಬಾರದೇನೇ?"

"ಕೇಳಿದೆ. 'ನೋಡೋಣ' ಅಂದ್ರು. ನೀವು ಅವರ ಬಾಸ್ ಅಲ್ವಾ? ಆರ್ಡರ್ ಮಾಡಿ." ಆಮೇಲೆ, "ಅಮ್ಮ ಒಂದು ಲೆಟರ್ ಕೂಡ ಬಿಟ್ಟಿಲ್ಲ ಆಂಟಿ. ಬಿಟ್ಟಿದ್ರೂ ನಂಗೆ ಓದೋಕೆ ಬರ್ತಿರ್ಲಿಲ್ಲ," ಎಂದಳು. ಅವಳ ಕಣ್ಣು ಒಣಗಿಯೇ ಇತ್ತು. ಆ ಮನೆಯಲ್ಲಿ ಯಾರೂ ಅತ್ತದ್ದನ್ನು ನಾನು ನೋಡಲಿಲ್ಲ.

ನಾನು ಆರ್ಡರ್ ಮಾಡಿದೆ. ಅಶ್ವತ್ಥನಾರಾಯಣ ಮೊದಲು ಕಾಗದದಲ್ಲಿ ಕರಡು ಮಾಡಿಕೊಳ್ಳುತ್ತೇನೆ ಎಂದರು. ನನಗೆ ರೇಗಿತು. "ಕಾಗದ ಮುಟ್ಟಿದರೆ ನಿಮಗೆ ಟಿಪ್ಪಣಿ ಭಾಷೆಯೇ ಬರೋದು. ಮನೆಯಲ್ಲಿ ಮಗಳ ಕಂಪ್ಯೂಟರಿನಲ್ಲೇ ನೇರ ಹೊಡೀರಿ, ಮನಸ್ಸಿಗೆ ಬಂದ ಹಾಗೆ," ಎಂದೆ. ಕಾರ್ಬನ್ ಇಲ್ಲದೆ ಬರೆಯಿರಿ ಎಂದು ಅವರಿಗೆ ಹೇಳಿದವಳು ನಾನು. ಇದನ್ನು ಬರೆದಿಡಬೇಕು.

ಶ್ರಾವ್ಯಾ ಅಪ್ಪನಿಗಾಗಿಯೇ ಆ ಪುಟದಲ್ಲಿ ಹಳೆಯ ಟೈಪ್‌ರೈಟರಿನ ಕೀಲಿಮಣೆಯ ಕ್ರಮ ಹಾಕಿದಳು. ಲೋಡ್‌ಶೆಡಿಂಗ್ ಆದರೆ ಇರಲಿ ಎಂದು ಚಾಂದನಿ ಮಾರುಕಟ್ಟೆಯಿಂದ ಯುಪಿಎಸ್ ತಂದಳು. ಇಂಟರ್ನೆಟ್ ಲೈನು ಕಡಿದರೆ ಬರೆದದ್ದು ಹೋಗುತ್ತದೆ, ಬಹಳ ಹೊತ್ತು ಸುಮ್ಮನೆ ಕೂತರೂ ಹೋಗುತ್ತದೆ, ಅದಕ್ಕೇ ಮೊದಲು ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಮಾಡಿ ಎಂದು ಮೂರು ಸಲ ತೋರಿಸಿದಳು. ಅವರು ತಲೆಯಾಡಿಸಿದರು. ಆದರೆ ನೋಟ್‌ಪ್ಯಾಡಿನಲ್ಲಿ ಹಳೆಯ ಕೀಲಿಮಣೆ ಕೆಲಸ ಮಾಡಲಿಲ್ಲ. ಪುಟದಲ್ಲಿದ್ದ ಖಾನೆಯಲ್ಲಿ ಮಾಡಿತು. ಮಗಳಿಗೆ ಹೇಳದೆ ಅದರಲ್ಲೇ ಶುರು ಮಾಡಿದರು.

ಏಪ್ರಿಲಿನ ಒಂದು ಭಾನುವಾರ, ಬೆಳಗಿನ ಹೊತ್ತು. ಒಂಬತ್ತಕ್ಕೆ ಕೂತವರು ಹನ್ನೊಂದೂವರೆಯ ತನಕ ಎದ್ದಿಲ್ಲ. ಕರೆಂಟು ಹೋಗಲಿಲ್ಲ. ಲೈನು ಕಡಿಯಲಿಲ್ಲ. ಕೊನೆಯ ವಾಕ್ಯ ಮುಗಿಸಿ, ಕೆಳಗೆ ಒಂದು ಸಾಲು ಬಿಟ್ಟು ಜಾನಕಿ ಎಂದು ಹೊಡೆದರು. ಮೇಲಿನಿಂದ ಒಮ್ಮೆ ಓದೋಣವೆಂದು ಮೌಸು ಹಿಡಿದು, ಖಾನೆಯ ಹೊರಗೆ ಎಲ್ಲೋ ಒತ್ತಿ, ಪುಟ ಸರಿಸಿ ಓದಿದರು. ಓದಿ ಮುಗಿದಾಗ ಹೆಸರಿನ ಕೆಳಗೆ ಗೆರೆ ಇಲ್ಲವೆಂದು ಬೆರಳಿಗೆ ನೆನಪಾಯಿತು. ಕಣ್ಣು ಕಿಟಕಿಯ ಆಚೆ ಇತ್ತು. ಕಿರುಬೆರಳು ಬ್ಯಾಕ್‌ಸ್ಪೇಸನ್ನು ಹೆಸರಿನ ಹೊಡೆತ ಎಣಿಸಿ ಐದು ಸಲ ಒತ್ತಿತು.

ಆಗಿನ ಕಂಪ್ಯೂಟರುಗಳಲ್ಲಿ ಖಾನೆಯ ಹೊರಗಿದ್ದು ಆ ಕೀಲಿ ಒತ್ತಿದರೆ ಅಕ್ಷರ ಅಳಿಯುತ್ತಿರಲಿಲ್ಲ, ಇಡೀ ಪುಟವೇ ಹಿಂದಿನ ಪುಟಕ್ಕೆ ಹೋಗಿಬಿಡುತ್ತಿತ್ತು. ಐದು ಸಲಕ್ಕೆ ಅವರು ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದಲ್ಲಿಗೆ ವಾಪಸು ಬಂದಿದ್ದರು. ಶ್ರಾವ್ಯಾ ಓಡಿಬಂದು ಮತ್ತೆ ಮುಂದಕ್ಕೆ ಒತ್ತಿ ನೋಡಿದಳು. ಖಾನೆ ಬಂತು, ಬಿಳಿಯಾಗಿ.

"ಹೋಯ್ತಾ?" ಎಂದರಂತೆ.

"ಹೋಯ್ತು ಅಪ್ಪಾ."

"ಸರಿ," ಎಂದು ಎದ್ದು ಹೋಗಿ ಸ್ನಾನ ಮಾಡಿದರಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿಗೆ ಉಪ್ಪಿಲ್ಲವೆಂದೂ ಹೇಳಲಿಲ್ಲವಂತೆ. ಇವಳು ಹಾಕುವುದನ್ನೇ ಮರೆತಿದ್ದಳು.

ಸೋಮವಾರ ಅವರು ನನ್ನ ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ ಇಟ್ಟರು. ಕಾರ್ಬನ್ ಪ್ರತಿ ಜೊತೆಗೆ. "ಇದನ್ನೇ ಹಾಕಿಬಿಡಿ ಮೇಡಂ." ಓದಿದೆ. 'ಶ್ರೀಮತಿ ಜಾನಕಿಯವರು ದಿನಾಂಕ 19-2-2007ರಂದು ನಿಧನರಾದರು. ಮೃತರು ಸರಳ ಸ್ವಭಾವದವರಾಗಿದ್ದು, ಗೃಹಕೃತ್ಯದಲ್ಲಿ ನಿರತರಾಗಿದ್ದರು. ಮೃತರ ಆತ್ಮಕ್ಕೆ ಶಾಂತಿ ಕೋರಲಾಗಿದೆ.' ಹೆಸರಿನ ಕೆಳಗೆ ಅಚ್ಚುಕಟ್ಟಾದ ಗೆರೆ.

"ಇದೇನ್ರೀ ಇದು? ಹೆಂಡತಿಯ ಬಗ್ಗೆ ಬರೆದಿದ್ದೋ, ಪುರಸಭೆಯವರು ಕೊಟ್ಟಿದ್ದೋ?"

"ನನಗೆ ಇಷ್ಟೇ ಬರೋದು ಮೇಡಂ."

"ನಿನ್ನೆ ಎರಡೂವರೆ ಗಂಟೆ ಹೊಡೆದಿರಲ್ಲ, ಅದರಲ್ಲಿ ಏನಿತ್ತು?"

ಅವರು ಹೊಸ ಕಾರ್ಡು ಏರಿಸಿದರು. "ನೆನಪಿಲ್ಲ," ಎಂದರು. ಸುಳ್ಳು ಹೇಳುತ್ತಿದ್ದಾರೆ ಎಂದೂ ಅನ್ನಿಸಲಿಲ್ಲ. ನೋವು, ಸಿಟ್ಟು, ನಾಚಿಕೆ ಯಾವುದೂ ಆ ಮುಖದಲ್ಲಿರಲಿಲ್ಲ. ನನಗೂ ಒಳಗೆ ಏನೂ ಆಗಲಿಲ್ಲ. ಇಬ್ಬರೂ ಸೇರಿ ಅಂದು ಐವತ್ತೆರಡು ಕಾರ್ಡು ಮುಗಿಸಿದೆವು.

ಶನಿವಾರ ಮಧ್ಯಾಹ್ನ ಶ್ರಾವ್ಯಾ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು, "ಆಂಟಿ, ಅಪ್ಪ ಏನು ಟೈಪ್ ಮಾಡಿದ್ರು ಅಂತ ನಂಗೊತ್ತು."

"ಹೇಗೆ? ನಿನಗೆ ಓದೋಕೆ ಬರಲ್ಲವಲ್ಲ?"

"ಕೇಳಿಸ್ಕೊಂಡೆ. ಅಪ್ಪ ಬಾಯಲ್ಲಿ ಹೇಳ್ಕೊಂಡೇ ಹೊಡೀತಾರಲ್ಲ. ನಾನು ಕಿಚನ್‌ನಲ್ಲಿ ರವೆ ಹುರೀತಿದ್ದೆ. ಫಸ್ಟ್ ಲೈನ್ ಕೇಳಿಸ್ತು. ಸ್ಟವ್ ಆಫ್ ಮಾಡಿ ಅಲ್ಲೇ ನಿಂತ್ಕೊಂಡೆ. ಎಲ್ಲ ಕೇಳಿಸ್ಕೊಂಡೆ."

ಒಳಗೆ ಕರೆದು ಕೂರಿಸಿದೆ. ಅವಳು ಒಂದೊಂದಾಗಿ ಹೇಳಿದಳು, ಪಾಠ ಒಪ್ಪಿಸುವ ಮಗುವಿನ ಹಾಗೆ, ಯಾವ ಏರಿಳಿತವೂ ಇಲ್ಲದೆ. ಜಾನಕಿ ಒಂದನೇ ತರಗತಿಗೆ ಕಲಿಸುತ್ತಿದ್ದದ್ದು. ಸ್ಲೇಟಿನ ಮೂರು ಸಂಜೆ. ಅರ್ಜಿ. ಅಸಲು ಪ್ರತಿ ಇಂದಿಗೂ ಆಫೀಸಿನ ಡ್ರಾಯರಿನಲ್ಲಿ, ಟೈಪ್‌ರೈಟರಿನ ಹೊದಿಕೆಯ ಅಡಿಯಲ್ಲಿ ಇರುವುದು. ಮರಣ ಪತ್ರಕ್ಕೆ ಕಾಗದ ಹುಡುಕುವಾಗ ಜಾನಕಿಯ ಸ್ಟೀಲ್ ಪೆಟ್ಟಿಗೆಯಲ್ಲಿ, ಟಿ.ಸಿ.ಎಚ್. ಸರ್ಟಿಫಿಕೇಟಿನ ಜೊತೆ, ಕಾರ್ಬನ್ ಪ್ರತಿ ಸಿಕ್ಕಿದ್ದು. ಆಮೇಲೆ ಆಸ್ಪತ್ರೆ. ಎಷ್ಟೋ ವರ್ಷದಿಂದ ಆ ಮಾತೆತ್ತದಿದ್ದ ಜಾನಕಿ ಒಂಬತ್ತನೇ ದಿನ ಇದ್ದಕ್ಕಿದ್ದಂತೆ ಕೇಳಿದರಂತೆ, "ಅರ್ಜಿ ಏನಾಯ್ತು?" ಇವರು ಆಗಲೂ "ದೆಹಲಿಯಲ್ಲಿದೆ" ಎಂದರಂತೆ. ಜಾನಕಿ "ಸರಿ, ಬರಲಿ" ಎಂದು ಪಕ್ಕಕ್ಕೆ ತಿರುಗಿದರಂತೆ.

"ನಿಮ್ಮ ಹೆಸರೂ ಇತ್ತು ಆಂಟಿ," ಎಂದಳು. "'ವಸುಂಧರಾ ಮೇಡಂ ರವಾನೆ ಪುಸ್ತಕ ನೋಡಿದ್ದು ನನಗೆ ಗೊತ್ತಿತ್ತು. ಅವರು ಹೇಳಿಬಿಡಲಿ ಅಂತ ಕಾದೆ. ಅವರೂ ಹೇಳಲಿಲ್ಲ.' ಹಾಗೆ ಹೊಡೆದ್ರು."

ಆ ಪುಸ್ತಕ ತಿರುವಿದ ಮೇಲೂ ಹದಿನಾರು ವರ್ಷ ಎದುರುಬದುರು ಕೂತು, ಒಬ್ಬರು ಓದಿ ಒಬ್ಬರು ತಾಳೆ ನೋಡಿದ್ದೇವೆ. ಇದೊಂದನ್ನು ಇಬ್ಬರೂ ಓದಿರಲಿಲ್ಲ.

"ನಂಗೆ ಸಿಟ್ಟು ಬರ್ಬೇಕು ಅಲ್ವಾ?" ಎಂದು ಶ್ರಾವ್ಯಾ ಕೇಳಿದಳು. "ಬರ್ತಾನೇ ಇಲ್ಲ. ಆದ್ರೆ ಅಪ್ಪ ಅದನ್ನ ಬರೀಬೇಕು. ಆ ಮೂರು ಲೈನ್ ಬೇಡ ನಂಗೆ. ನಾನು ಓದೋದು ಕಲಿತ್ರೆ, ಫಸ್ಟ್ ಅದನ್ನೇ ಓದ್ಬೇಕು. ನಾಳೆ ಬನ್ನಿ ಆಂಟಿ."

ಹೋದೆ. ಅಶ್ವತ್ಥನಾರಾಯಣ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು ಬಂದು ನನಗೆ ಕುರ್ಚಿ ಎಳೆದರು. ಶ್ರಾವ್ಯಾ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪಕ್ಕದಲ್ಲಿ ಬೆತ್ತದ ಮೋಡಾ ಹಾಕಿಕೊಂಡು ಕೂತಳು. ಈ ಸಲ ಹಳೆಯ ಕೀಲಿಮಣೆ ನೋಟ್‌ಪ್ಯಾಡಿನಲ್ಲೂ ನಡೆಯುವ ಹಾಗೆ ಮಾಡಿದ್ದಳು.

"ಅಪ್ಪಾ, ನಾನು ಹೇಳ್ತೀನಿ, ನೀವು ಹೊಡೀರಿ."

"ಏನು ಹೇಳ್ತೀಯ?"

"'ಜಾನಕಿಗೆ ಅಕ್ಷರ ಕಲಿಸೋದು ಬಿಟ್ಟು ಬೇರೆ ಯಾವ ಆಸೆನೂ ಇರಲಿಲ್ಲ.' ಹೊಡೀರಿ."

ಅವರ ಕೈ ಕೀಲಿಗಳ ಮೇಲೆ ಹಾಗೇ ನಿಂತಿತು. ಅದು ಅವರದೇ ಮೊದಲ ವಾಕ್ಯ ಎಂದು ನನಗೆ ಅವರ ಬೆನ್ನು ನೋಡಿದರೇ ತಿಳಿಯಿತು. ಮಗಳ ಕಡೆ ತಿರುಗಲಿಲ್ಲ. ಹೊಡೆದರು. ಅವಳು ಅವರ ಕೈ ಮೇಲಿಂದ ಕೈ ಚಾಚಿ ಸೇವ್ ಮಾಡಿದಳು. ಮುಂದಿನ ವಾಕ್ಯ ಹೇಳಿದಳು. ಹೊಡೆದರು. ಸೇವ್ ಮಾಡಿದಳು. ಅವತ್ತು ಅವರು ಬಾಯಲ್ಲಿ ಏನೂ ಹೇಳಿಕೊಳ್ಳಲಿಲ್ಲ.

ಅರ್ಜಿಯ ವಾಕ್ಯ ಬಂದಾಗ ಮತ್ತೆ ನಿಂತರು. ಕೆಳಗೆ ಪಾಡಾದ ಬೀದಿಯಲ್ಲಿ ಯಾರೋ ಮೀನಿನವನ ಜೊತೆ ಜಗಳವಾಡುತ್ತಿದ್ದರು. ಅದು ಮುಗಿಯುವ ತನಕ ಕಾದು, ಆಮೇಲೆ ಹೊಡೆದರು. ಆಸ್ಪತ್ರೆಯ ವಾಕ್ಯಕ್ಕೆ ಬಂದಾಗ ಶ್ರಾವ್ಯಾಳಿಗೆ ಅವರ ಮಾತು ಮರೆತು ತನ್ನದೇ ಕನ್ನಡ ಬಂತು. "ಒಂಬತ್ತನೇ ದಿನ ಅಮ್ಮ ಕೇಳ್ತು, ಅರ್ಜಿ ಏನಾಯ್ತು ಅಂತ." ಒಂದು ದೀರ್ಘ ತಪ್ಪಿದರೆ ಇಡೀ ಕಾರ್ಡನ್ನು ಹರಿದು ಮತ್ತೆ ಹೊಡೆಯುವ ಮನುಷ್ಯ 'ಅಮ್ಮ ಕೇಳ್ತು' ಎಂದೇ ಹೊಡೆದರು. ಬ್ಯಾಕ್‌ಸ್ಪೇಸಿನ ಹತ್ತಿರ ಬೆರಳು ಹೋಗಲಿಲ್ಲ.

ಕೊನೆಗೆ ಜಾನಕಿ ಎಂದು ಹೊಡೆದು ಮುಗಿಸಿದ ಮೇಲೆ, "ಮೇಡಂ, ಓದಿ. ತಾಳೆ ನೋಡ್ತೀನಿ," ಎಂದರು.

ಓದಿದೆ. ನನ್ನ ಹೆಸರಿನ ಸಾಲನ್ನೂ ಓದಿದೆ. "ಸರಿ ಇದೆಯೇನ್ರೀ?" ಎಂದೆ. "ಸರಿ ಇದೆ ಮೇಡಂ," ಎಂದರು. ಅಷ್ಟು ವರ್ಷದ ಲೆಕ್ಕಕ್ಕೆ ನಾವಿಬ್ಬರು ಆಡಿದ್ದು ಇಷ್ಟೇ.

ಶ್ರಾವ್ಯಾ ಬರಹವನ್ನು ಪುಟದ ಖಾನೆಗೆ ಅಂಟಿಸಿ, ಮೌಸನ್ನು ಅಪ್ಪನ ಕೈಗೆ ಕೊಟ್ಟಳು. ಕೆಳಗೆ ನೀಲಿ ಗುಂಡಿ. ಅದರ ಮೇಲೆ 'ಸಲ್ಲಿಸಿ' ಎಂದಿತ್ತು. ಅಶ್ವತ್ಥನಾರಾಯಣ ಆ ಒಂದು ಮಾತನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒತ್ತಿದರು. ಖಾನೆ ಹೋಗಿ ಪರದೆಯ ಮೇಲೆ ಎರಡು ಸಾಲು ಬಂತು. ಅವರು ಹಳೆಯ ರೂಢಿಯಂತೆ ಬಾಯಿಬಿಟ್ಟು ಓದಿದರು, "ನಿಮ್ಮ ಬರಹ ಸಲ್ಲಿಕೆಯಾಗಿದೆ. ಮೇಲ್ವಿಚಾರಕರ ಒಪ್ಪಿಗೆಗೆ ಕಾಯುತ್ತಿದೆ."

ಓದಿ, ಕುರ್ಚಿಗೆ ಒರಗಿ, "ಸರಿ, ಬರಲಿ," ಎಂದರು.

ತಾವು ಏನು ಹೇಳಿದೆವು ಎಂದು ಅವರಿಗೆ ತಿಳಿಯಿತೋ ಇಲ್ಲವೋ. ಶ್ರಾವ್ಯಾ ನನ್ನ ಮುಖ ನೋಡಿದಳು. ಒಪ್ಪಿಗೆ ಕೊಡಬೇಕಾದವಳು ಆ ಕೋಣೆಯಲ್ಲೇ ಕೂತಿದ್ದಳು, ಮೂರು ಅಡಿ ದೂರದಲ್ಲಿ.

"ಏಳ್ರೀ ಅಶ್ವತ್ಥನಾರಾಯಣ," ಎಂದೆ. "ಜಾಗ ಬಿಡಿ." ಅವರ ಕುರ್ಚಿಯಲ್ಲಿ ಕೂತು ನನ್ನ ಪಾಸ್‌ವರ್ಡ್ ಹೊಡೆದೆ. ತಪ್ಪಾಯಿತು. ಮತ್ತೆ ಹೊಡೆದೆ, ಮತ್ತೆ ತಪ್ಪು. ಮೂರನೇ ಸಲಕ್ಕೆ ಬಾಗಿಲು ತೆರೆಯಿತು. ಒಪ್ಪಿದೆ.

ಪುಟ ಬಂತು. ಶ್ರಾವ್ಯಾ ಬಗ್ಗಿ ಪರದೆಯ ಮೇಲೆ ಬೆರಳಿಟ್ಟು, "ಇದ್ರಲ್ಲಿ ಅಮ್ಮನ ಹೆಸರು ಎಲ್ಲಿದೆ?" ಎಂದಳು.

ಅಶ್ವತ್ಥನಾರಾಯಣ ಮಗಳ ಬೆರಳು ಹಿಡಿದು ಕೊನೆಯ ಸಾಲಿಗೆ ತಂದರು. ಹೆಸರಿನ ಕೆಳಗೆ, ಎಡದಿಂದ ಬಲಕ್ಕೆ, ಆ ಬೆರಳಿನಿಂದಲೇ ಒಂದು ಗೆರೆ ಎಳೆದರು.